ಎದೆಮಟ್ಟದ ಇಸ್ತ್ರಿ

ನಮ್ಮ ಅಳಿಯ ಆಫೀಸಿನ ಕುರ್ಚಿಯನ್ನು ಬೀದಿಯುದ್ದಕ್ಕೂ ತಳ್ಳಿಕೊಂಡು ಮನೆಗೆ ಬಂದ ದಿನವೇ ನಾನು ಮೆಟ್ಟಿಲಮ್ಮನ ಸುದ್ದಿ ಮೊದಲು ಕೇಳಿದ್ದು. ಕೆಳಗೆ ಗಾಲಿಗಳಿದ್ದು ಗರಗರ ತಿರುಗುವ ಕುರ್ಚಿ ಅದು. ಬಸ್ಸಿನವನು ಹತ್ತಿಸಿಕೊಳ್ಳಲಿಲ್ಲವಂತೆ, ಪೇಟೆಯಿಂದ ಇಲ್ಲಿಯವರೆಗೂ ತಳ್ಳಿಕೊಂಡೇ ಬಂದಿದ್ದ. ಸುಸ್ತಾದಾಗಲೆಲ್ಲ ಅದರ ಮೇಲೇ ಕೂತು ಸುಧಾರಿಸಿಕೊಂಡನಂತೆ. ಮಗಳು ಬಾಗಿಲಲ್ಲಿ ನಿಂತು, "ಕೆಲಸದಿಂದ ತೆಗೆದ್ರಾ, ಇಲ್ಲಾ ಕುರ್ಚಿ ಕದ್ರಾ? ಎರಡರಲ್ಲಿ ಯಾವುದು ಹೇಳಿ" ಅಂದಳು.

ಎರಡೂ ಅಲ್ಲ. ಅಳಿಯನದು ವಿಮೆ ಕಂಪನಿಯಲ್ಲಿ ಕೆಲಸ. ಯಾರದೋ ಮನೆಗೆ ಬೆಂಕಿ ಬಿದ್ದರೆ, ಯಾರದೋ ಗಾಡಿ ಗುದ್ದಿಸಿಕೊಂಡರೆ, ಅವರ ಕಷ್ಟ ಕೇಳಿ ಕಾಗದ ಮುಂದಕ್ಕೆ ಕಳಿಸಬೇಕು. ಇನ್ನು ಮೇಲೆ ಯಾರೂ ಆಫೀಸಿಗೆ ಬರಬೇಕಾಗಿಲ್ಲ, ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಮಾಡಿ, ಕಟ್ಟಡದ ಬಾಡಿಗೆ ನಮಗೂ ತಪ್ಪಲಿ, ಬಸ್ಸಿನ ನೂಕಾಟ ನಿಮಗೂ ತಪ್ಪಲಿ ಎಂದು ಕಂಪನಿ ಹೇಳಿತ್ತು. ಊಟದ ಕುರ್ಚಿಯಲ್ಲಿ ಕೂತರೆ ಬೆನ್ನು ಹಿಡಿದುಕೊಂಡೀತು, ಅವರವರ ಕುರ್ಚಿ ಅವರವರೇ ಒಯ್ಯಲಿ ಎಂದೂ ಹೇಳಿತ್ತು. ಆ ಸಂಜೆ ಪೇಟೆಯ ಬೀದಿಗಳಲ್ಲಿ ನೋಡಿದಲ್ಲೆಲ್ಲ ಕುರ್ಚಿ ತಳ್ಳುವವರೇ ಇದ್ದರಂತೆ.

ಹಿಂದಿನ ಕೋಣೆಯಲ್ಲಿ ಕುರ್ಚಿಗೆ ಜಾಗ ಮಾಡುತ್ತ ಅಳಿಯ ಇನ್ನೊಂದು ಮಾತು ಹೇಳಿದ. ಆಫೀಸಿನ ಹೊರಗಿನ ಮೆಟ್ಟಿಲ ಕೆಳಗೆ ಒಬ್ಬ ಹೆಂಗಸು ಇಸ್ತ್ರಿ ಮೇಜು ಹಾಕಿಕೊಂಡಿದ್ದಳು. ಬಸ್ಸಿನಲ್ಲಿ ಮುದುಡಿದ ಕೋಟು ಬಿಚ್ಚಿಕೊಟ್ಟರೆ, ಲಿಫ್ಟು ಮೇಲೆ ಹೋಗಿ ಕೆಳಗೆ ಬರುವಷ್ಟರಲ್ಲಿ ಹೊಸದರ ಹಾಗೆ ಮಾಡಿ ಕೊಡುತ್ತಿದ್ದಳು. ಎಲ್ಲರೂ ಅವಳನ್ನು ಮೆಟ್ಟಿಲಮ್ಮ ಅನ್ನುತ್ತಿದ್ದರು. ಅವತ್ತು ಜನರೆಲ್ಲ ಕುರ್ಚಿ ಹೊತ್ತುಕೊಂಡು ಇಳಿಯುವಾಗ ಅವಳು ಕೇಳಿದಳಂತೆ: "ನೀವೆಲ್ಲ ನಿಮ್ಮ ನಿಮ್ಮ ಕುರ್ಚಿ ತಗೊಂಡು ಹೊರಟ್ರಿ, ಸರಿ. ನನ್ನ ಮೇಜು ನಾನು ಯಾರ ಮನೆಗೆ ತಗೊಂಡು ಹೋಗ್ಲಿ?"

ಅಳಿಯ ನಗುತ್ತಲೇ ಹೇಳಿದ. ನನಗೆ ಮಾತ್ರ ಆ ಮಾತು ಊಟದ ಹೊತ್ತಿಗೂ ತಲೆಯಲ್ಲೇ ಇತ್ತು. ನಮ್ಮವರು ಟ್ಯಾಕ್ಸಿ ಓಡಿಸುತ್ತಿದ್ದರು. ಅವರು ಹೋದ ಮೇಲೆ ಟ್ಯಾಕ್ಸಿ ಮಾರಿದೆವು, ಅದು ನಿಲ್ಲುತ್ತಿದ್ದ ಶೆಡ್ಡು ಗೇಟಿನ ಪಕ್ಕ ಹಾಗೇ ಉಳಿದಿತ್ತು. ಅದರೊಳಗೆ ಒಡೆದ ಬಕೆಟ್ಟು, ಹಳೇ ಟೈರು, ಒಂದು ಬೆಕ್ಕಿನ ಸಂಸಾರ. ಆ ಹೆಂಗಸು ಬೇಕಾದರೆ ಮೇಜು ತಂದು ಇಲ್ಲಿ ಹಾಕಿಕೊಳ್ಳಲಿ ಅಂದೆ. ಮಗಳು ಮೂಗು ಮುರಿದಳು. ಮನೆಯಿಂದ ಹೊರಗೆ ಕಾಲಿಡದವರ ಬೀದಿಯಲ್ಲಿ ಇಸ್ತ್ರಿಗೆ ಯಾರು ಕೊಡುತ್ತಾರೆ ಎಂಬುದು ಅವಳ ವಾದ. ಅವಳು ಹೇಳಿದ್ದೂ ಸುಳ್ಳಲ್ಲ. ಒಬ್ಬರು ಇನ್ನೊಬ್ಬರಿಗೆ ಬಾಡಿಗೆ ಮನೆ ತೋರಿಸಿ ತೋರಿಸಿ ನಮ್ಮ ಬೀದಿಯಲ್ಲಿ ಅರ್ಧಕ್ಕರ್ಧ ಆ ಕಂಪನಿಯವರೇ ಸೇರಿಕೊಂಡಿದ್ದರು. ಮಗಳು ಆಸ್ಪತ್ರೆಯಲ್ಲಿ ನರ್ಸು. ಮನೆಯಲ್ಲಿ ಕೂತು ರೋಗಿಗೆ ಸೂಜಿ ಚುಚ್ಚಲು ಬರುವುದಿಲ್ಲವಲ್ಲ, ಹಾಗಾಗಿ ದಿನಾ ಬೆಳಿಗ್ಗೆ ಚಪ್ಪಲಿ ಮೆಟ್ಟಿ ನಮ್ಮ ಮನೆಯಿಂದ ಹೊರಡುವವಳು ಅವಳೊಬ್ಬಳೇ.

ಆದರೂ ಮೆಟ್ಟಿಲಮ್ಮ ಬಂದಳು. ಕೈಗಾಡಿಯಲ್ಲಿ ಮೇಜು, ಮೇಜಿನ ಮೇಲೆ ಸುಟ್ಟ ಕಲೆಗಳ ದಪ್ಪ ಬಟ್ಟೆ. ಇಸ್ತ್ರಿಪೆಟ್ಟಿಗೆಯನ್ನು ಮಾತ್ರ ಗಾಡಿಗೆ ಹಾಕದೆ, ಮಗುವನ್ನು ಎತ್ತಿಕೊಂಡ ಹಾಗೆ ಕಂಕುಳಲ್ಲಿ ಇಟ್ಟುಕೊಂಡಿದ್ದಳು. ಕುಳ್ಳಗೆ, ಗುಂಡಗೆ, ಬಲಗೈ ಎಡಗೈಗಿಂತ ದಪ್ಪ. ಅಳಿಯ ಹೊರಗೆ ಬಂದು ಗುರುತು ಸಿಕ್ತಾ ಅಂದ. ಅವಳು ಅವನ ಮುಖವನ್ನು ಮಿಕಮಿಕ ನೋಡಿ, "ಸ್ವಲ್ಪ ನಡೀರಿ ನೋಡೋಣ" ಅಂದಳು. ಅವನು ಗೇಟಿನವರೆಗೆ ಹೋಗಿ ತಿರುಗಿ ಬಂದ.

"ಓ, ನೀವಾ. ಕಂದು ಬೂಟಿನವರು, ಎಡಗಾಲು ಸ್ವಲ್ಪ ಎಳೀತೀರಲ್ಲ. ಮುಖ ಇಷ್ಟು ಉದ್ದ ಇರುತ್ತೆ ಅಂದ್ಕೊಂಡಿರ್ಲಿಲ್ಲ."

ಮೆಟ್ಟಿಲ ಕೆಳಗೆ ಕೂತವಳಿಗೆ ಮೊಣಕಾಲಿನಿಂದ ಕೆಳಗಿನ ಲೋಕ ಅಷ್ಟೇ ಗೊತ್ತು. ಕೋಟು ಕೊಡುವ ಕೈ, ಬೂಟು, ನಡಿಗೆಯ ಸದ್ದು. ಅಷ್ಟರಲ್ಲೇ ಅವಳು ಇಡೀ ಆಫೀಸನ್ನು ಗುರುತಿಟ್ಟುಕೊಂಡಿದ್ದಳು. ನಮ್ಮ ಬೀದಿಗೆ ಬಂದ ಮೊದಲ ವಾರವೆಲ್ಲ ಅವಳು ಮಾಡಿದ ಕೆಲಸ ಎಂದರೆ, ಆ ಕಾಲುಗಳಿಗೆ ಮುಖಗಳನ್ನು ಹೊಂದಿಸಿಕೊಂಡದ್ದು. ಬೇರೆ ಕೆಲಸ ಇರಲೂ ಇಲ್ಲ. ಮನೆಮನೆ ಬಾಗಿಲು ತಟ್ಟಿದಳು. ಎಲ್ಲರೂ ಒಳ್ಳೆಯ ಮಾತಾಡಿದರು, ಬಟ್ಟೆ ಯಾರೂ ಕೊಡಲಿಲ್ಲ. ನಮ್ಮನ್ನು ಯಾರು ನೋಡ್ತಾರಮ್ಮ ಅಂದರು. ಮಗಳ ಆಸ್ಪತ್ರೆಯ ಬಟ್ಟೆ, ನನ್ನದೊಂದೆರಡು, ಅಷ್ಟು ಮುಗಿಸಿ ಅವಳು ಬೆಕ್ಕಿನ ಮರಿಗಳ ಜೊತೆ ಕೂರುತ್ತಿದ್ದಳು.

ಎದುರುಮನೆಯಲ್ಲಿ ಅದೇ ಕಂಪನಿಯ ಲೆಕ್ಕದವರು ಇದ್ದರು. ಒಂದು ಬೆಳಿಗ್ಗೆ ಅವರ ಕಿಟಕಿ ತೆರೆದಿತ್ತು. ಲೆಕ್ಕದವರು ಕಂಪ್ಯೂಟರಿನ ಮುಂದೆ ಮೀಟಿಂಗಿನಲ್ಲಿದ್ದರು. ತಲೆ ನೀಟಾಗಿ ಬಾಚಿದೆ, ಕಾಲರಿನ ಅಂಗಿ, ಗಂಭೀರ ಮುಖ. ಕೆಳಗೆ ಮೊಲದ ಚಿತ್ರಗಳ ಪೈಜಾಮ, ಒಂದು ಕಾಲು ಬಿಸಿನೀರಿನ ಬಕೆಟ್ಟಿನಲ್ಲಿ. ಮೆಟ್ಟಿಲಮ್ಮ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ನಮ್ಮ ಅಡುಗೆಮನೆಗೆ ಓಡಿ ಬಂದಳು.

"ಅಮ್ಮ, ಅವರು ಮೇಲೆ ಆಫೀಸಲ್ಲಿದ್ದಾರೆ, ಕೆಳಗೆ ಮನೇಲಿದ್ದಾರೆ."

ನಕ್ಕು ನಕ್ಕು ಸಾಕಾಗಿ ಸುಮ್ಮನಾದ ಮೇಲೆ ಅವಳ ಮುಖ ಬೇರೆಯಾಯಿತು. ಆ ಅಂಗಿಯ ಕಾಲರು ಒದ್ದೆ ಎಲೆಯ ಹಾಗೆ ಜೋತುಬಿದ್ದಿತ್ತು ನೋಡಿದಿರಾ ಅಂದಳು. ಅವತ್ತೇ ಮಧ್ಯಾಹ್ನ ಲೆಕ್ಕದವರ ಹೆಂಡತಿಯ ಹತ್ತಿರ ಹೋಗಿ, ಕಂಪ್ಯೂಟರಿನಲ್ಲಿ ಕಾಣುವಷ್ಟನ್ನು ಮಾತ್ರ ಇಸ್ತ್ರಿ ಮಾಡಿ ಕೊಡುತ್ತೇನೆ, ಅಷ್ಟಕ್ಕೇ ದುಡ್ಡು ಕೊಡಿ ಅಂದಳು. ಆ ಹೆಂಗಸಿಗೆ ತಮಾಷೆ ಅನ್ನಿಸಿ ಒಂದು ಕಂತೆ ಅಂಗಿ ಹಾಕಿ ಕಳಿಸಿದಳು. ವಾರ ಕಳೆಯುವಷ್ಟರಲ್ಲಿ ಬೀದಿಯವರೆಲ್ಲ ಕಂತೆ ಕಟ್ಟಿದರು. ಅದಕ್ಕೆ ಎದೆಮಟ್ಟದ ಇಸ್ತ್ರಿ ಎಂದು ಹೆಸರೂ ಬಿತ್ತು.

ಅದರಲ್ಲೂ ಅವಳದೊಂದು ಕ್ರಮ ಇತ್ತು. ಕಾಲರು, ಹೆಗಲು, ಮುಂಭಾಗ ನಾಲ್ಕನೇ ಗುಂಡಿಯವರೆಗೆ. ಅಲ್ಲಿಗೆ ನಿಲ್ಲಿಸಿಬಿಡುವುದು. ತೋಳು ಅವರವರ ಸ್ವಭಾವ ನೋಡಿಕೊಂಡು. ಕೈ ಕಟ್ಟಿ ಕೂರುವವರಿಗೆ ಮೊಣಕೈವರೆಗೆ ಸಾಕು. ನಮ್ಮ ಅಳಿಯನ ಹಾಗೆ ಕೈ ಬೀಸಿ ಬೀಸಿ ಮಾತಾಡುವವರಿಗೆ ಪೂರ್ತಿ ತೋಳು. ಲೆಕ್ಕದವರು ಸದಾ ಕೆನ್ನೆಗೆ ಎಡಗೈ ಕೊಟ್ಟು ಕೂರುವವರು, ಅವರಿಗೆ ಎಡತೋಳಿನ ತುದಿ ಮಾತ್ರ. ಪ್ಯಾಂಟಿನ ಮಾತು ಯಾರೂ ಎತ್ತಲಿಲ್ಲ. ಒಬ್ಬಾತನಿಗೆ ಮೀಟಿಂಗಿನ ನಡುವೆ ಎದ್ದು ನೀರು ತರುವ ಚಾಳಿ. "ಏಳೋದಾದ್ರೆ ಮೊದಲೇ ಹೇಳ್ಬೇಕಪ್ಪ, ಏಳೋರ ರೇಟು ಬೇರೆ" ಎಂದು ಅವನಿಗೆ ಬೀದಿಯಲ್ಲೇ ಎಚ್ಚರಿಕೆ ಕೊಟ್ಟಿದ್ದಳು.

ದುಡಿಮೆ ಹತ್ತಿಕೊಂಡಿತು, ಅವಳ ಮನಸ್ಸು ಮಾತ್ರ ಅದಕ್ಕೆ ಒಗ್ಗಲಿಲ್ಲ. ಕೆಲಸ ಕಲಿಸಿದವಳು ಅವಳ ಅತ್ತೆ. ಅಂಗಿ ಮೇಜಿನ ಮೇಲೆ ಬಿದ್ದರೆ ಮೊದಲು ಬೆನ್ನಿಗೆ ಪೆಟ್ಟಿಗೆ ಹೋಗಬೇಕು, ಮುಂಭಾಗ ಕೊನೆಗೆ. ಹೊಸ ಸೊಸೆ ಮರೆತು ಮುಂಭಾಗಕ್ಕೆ ಕೈ ಹಾಕಿದರೆ ಅತ್ತೆ ನೀರು ಚಿಮುಕಿಸುವ ಬಟ್ಟಲಿನಿಂದ ಗೆಣ್ಣಿಗೆ ಕುಟ್ಟುತ್ತಿದ್ದಳಂತೆ. ಅಂಗಿ ತೊಟ್ಟವನಿಗೇ ಕಾಣದ ಜಾಗ ಬೆನ್ನು, ಅದನ್ನು ನಮ್ಮ ನಂಬಿಕೆಯ ಮೇಲೆ ಬಿಟ್ಟಿರುತ್ತಾನೆ ಎಂಬುದು ಆ ಮುದುಕಿಯ ಲೆಕ್ಕ. ಈಗ ಬೆನ್ನು ಮುಟ್ಟದೆ ಮಡಿಚುವಾಗಲೆಲ್ಲ ಮೆಟ್ಟಿಲಮ್ಮ ಗೆಣ್ಣು ಸವರಿಕೊಳ್ಳುತ್ತಿದ್ದಳು. ಇದು ಕೆಲಸ ಅಲ್ಲಮ್ಮ, ಕಣ್ಕಟ್ಟು ಅನ್ನುತ್ತಿದ್ದಳು. ಮಗಳ ಬಟ್ಟೆ, ನನ್ನ ಬಟ್ಟೆ ಮಾತ್ರ ಬೆನ್ನಿನಿಂದ ಶುರುಮಾಡಿ ಪೂರ್ತಿ ಮಾಡುವಳು. ಮನೆಯಲ್ಲಿ ಬಟಾಣಿ ಬಿಡಿಸುತ್ತ ಕೂರುವ ನನಗೆ ಯಾಕೆ ಇಷ್ಟು ಎಂದರೆ, ಕೈಗೆ ಮರೆತುಹೋಗಬಾರದಲ್ಲ ಅನ್ನುವಳು.

ಬೀದಿಯ ಚಹರೆಯೇ ಬದಲಾಯಿತು. ಮೊದಲು ಹಗಲು ಹೊತ್ತು ನಾನು, ಬೆಕ್ಕು, ಅಂಚೆಯವನು, ಮೂವರೇ. ಈಗ ಮಧ್ಯಾಹ್ನಕ್ಕೆ ಊಟದ ಗಾಡಿ, ನಾಲ್ಕಕ್ಕೆ ಹಣ್ಣಿನವನು, ಮೂಲೆಯ ಮನೆಯ ಮುಂದಿನ ಕೋಣೆಯಲ್ಲಿ ಕಾಫಿ ಅಂಗಡಿ. ಪೇಟೆಯ ಕ್ಷೌರದವನೂ ಕುರ್ಚಿ ಸಮೇತ ಬಂದ. ಮೆಟ್ಟಿಲಮ್ಮನನ್ನು ನೋಡಿ ತಾನೂ ಎದೆಮಟ್ಟದ ಕ್ಷೌರ ಮಾಡುತ್ತೇನೆ ಎಂದು ತಮಾಷೆಗೆ ಹೇಳಿದ್ದನ್ನು ಲೆಕ್ಕದವರು ನಿಜವೆಂದುಕೊಂಡು ಮುಂದಲೆಯಷ್ಟೇ ಕತ್ತರಿಸಿಕೊಂಡರು. ಹಿಂದೆ ಗುಬ್ಬಿಗೂಡು ಬೆಳೆದು ಹೆಂಡತಿಯ ಕೈಗೆ ಸಿಕ್ಕಿಬಿದ್ದರು. ಮನೆಗಳ ಬಾಡಿಗೆ ಏರಿತು. ಪೇಟೆ ನಡುವಿನ ದುಬಾರಿ ಮನೆ ಬಿಟ್ಟು ಜನ ನಮ್ಮ ಕಡೆಗೇ ಬರತೊಡಗಿದರು, ನಮ್ಮ ಶೆಡ್ಡನ್ನೂ ಒಬ್ಬ ಬಾಡಿಗೆಗೆ ಕೇಳಿದ. ಅದರಲ್ಲಿ ಆಫೀಸಿನವರಿದ್ದಾರೆ ಎಂದು ಹೇಳಿ ಕಳಿಸಿದೆ.

ಇಲ್ಲಿ ತುಂಬಿದ್ದು ಅಲ್ಲಿ ಬರಿದಾಯಿತು. ಮಗಳ ಬಸ್ಸು ಪೇಟೆಯ ಮೇಲೇ ಹೋಗುವುದು. ಆಫೀಸುಗಳ ಸಾಲಿನಲ್ಲಿ ಅಂಗಡಿಗಳ ಬಾಗಿಲು ಎಳೆದಿವೆ, ಹಿಂದೆ ಕಾಲಿಡಲು ಜಾಗವಿಲ್ಲದ ಹೋಟೆಲಿನವನು ದೊಡ್ಡ ಪಾತ್ರೆಗಳನ್ನು ಫುಟ್‌ಪಾತಿನಲ್ಲಿಟ್ಟು ಮಾರುತ್ತಿದ್ದಾನೆ ಎಂದು ಬಂದು ಹೇಳುತ್ತಿದ್ದಳು. ಮೆಟ್ಟಿಲ ಕೆಳಗೆ ಮೆಟ್ಟಿಲಮ್ಮನ ಪಕ್ಕದಲ್ಲೇ ಒಬ್ಬ ಬೂಟು ಹೊಲಿಯುವವನು ಕೂರುತ್ತಿದ್ದ. ನಮ್ಮ ಬೀದಿಗೆ ಬಾ ಎಂದು ಅವಳೇ ಹೋಗಿ ಕರೆದಳು. ಅವನು, "ಬರಿಗಾಲಲ್ಲಿ ಕೆಲಸ ಮಾಡೋ ಬೀದಿಗೆ ಬಂದು ನಾನೇನು ಹೊಲೀಲಿ ತಾಯಿ" ಅಂದನಂತೆ. ತಮ್ಮನ ಮನೆಯಲ್ಲಿರುತ್ತೇನೆಂದು ಎಲ್ಲಿಗೋ ಹೊರಟುಹೋದ. ಅವನ ನೆನಪು ಬಂದಾಗ ಮಾತ್ರ ಮೆಟ್ಟಿಲಮ್ಮ ಪೆಟ್ಟಿಗೆಯನ್ನು ಒತ್ತಿ ಒತ್ತಿ ಎಳೆಯುವಳು.

ಅಳಿಯನಿಗೂ ಒಂದು ಭಯ ಹತ್ತಿತ್ತು. ನನ್ನ ಕೆಲಸ ನಮ್ಮ ಹಿಂದಿನ ಕೋಣೆಯಿಂದ ಆಗುವುದಾದರೆ ಯಾವುದೋ ದೂರದೂರಿನ ಇನ್ನೊಬ್ಬನ ಹಿಂದಿನ ಕೋಣೆಯಿಂದಲೂ ಆಗುತ್ತೆ, ಅರ್ಧ ಸಂಬಳಕ್ಕೆ ಎನ್ನುತ್ತಿದ್ದ. ಬೀದಿಯ ಎರಡು ಮನೆಗಳಲ್ಲಿ ಹಾಗೇ ಆಯಿತು. ಅದು ನಮಗೆಲ್ಲ ತಿಳಿಯುವ ಮೊದಲು ಮೆಟ್ಟಿಲಮ್ಮನಿಗೆ ತಿಳಿದಿತ್ತು, ಏಕೆಂದರೆ ಆ ಮನೆಗಳ ಅಂಗಿ ಬರುವುದು ನಿಂತಿತ್ತು. ಅವಳು ಯಾರ ಹತ್ತಿರವೂ ಬಾಯಿಬಿಡಲಿಲ್ಲ. ಆ ಎರಡು ಮನೆಯವರು ಹೊಸ ಕೆಲಸ ಕೇಳಿಕೊಂಡು ಹೋಗುವಾಗಿನ ಬಟ್ಟೆಗೆ ದುಡ್ಡು ಮುಟ್ಟಲಿಲ್ಲ.

ಹೀಗೆ ವರ್ಷಗಳು ಕಳೆದವು. ಒಂದು ರಜೆಯ ದಿನ ಬೆಳಿಗ್ಗೆ ಇಡೀ ಬೀದಿಯ ಫೋನುಗಳು ಒಟ್ಟಿಗೇ ಕಿರುಗುಟ್ಟಿದವು. ಕಂಪನಿಗೆ ಹೊಸ ದೊಡ್ಡವರು ಬಂದಿದ್ದಾರೆ, ನಾಳೆ ಎಲ್ಲರೂ ಆಫೀಸಿಗೆ ಬಂದು ಇಡೀ ದಿನ ಇರಬೇಕು. ಎಲ್ಲರನ್ನೂ ಕಣ್ಣಾರೆ ನೋಡಿ, ಮೊದಲಿನ ಹಾಗೆ ದಿನಾ ಬರುವುದೋ ಬೇಡವೋ ಎಂದು ಅಲ್ಲೇ ತೀರ್ಮಾನ. ಬರುವವರಿಗೆ ಅನುಕೂಲಗಳನ್ನೂ ಹೇಳಿದ್ದರು. ಮಧ್ಯಾಹ್ನದ ಊಟ ಪುಕ್ಕಟೆ. ಮೆಟ್ಟಿಲ ಕೆಳಗೆ ಗಾಜಿನ ಕೋಣೆ ಕಟ್ಟಿಸಿ ಬಟ್ಟೆ ಒಗೆದು ಇಸ್ತ್ರಿ ಮಾಡುವ ಯಂತ್ರ ಇಟ್ಟಿದ್ದಾರೆ, ಅದೂ ಪುಕ್ಕಟೆ.

ಅಳಿಯ ಓದಿ ಹೇಳುವಾಗ ಮೆಟ್ಟಿಲಮ್ಮ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ಅವಳ ಹಳೇ ಜಾಗದಲ್ಲೇ ಯಂತ್ರ ಕೂತಿದೆ, ಇವರೆಲ್ಲ ದಿನಾ ಅಲ್ಲಿಗೇ ಹೋದರೆ ಇಲ್ಲಿ ಅವಳಿಗೆ ನಾನು, ಮಗಳು, ಬೆಕ್ಕು ಅಷ್ಟೇ ಗಿರಾಕಿ. ಒಂದು ಸಲ ಮೇಜು ಹೊತ್ತು ತಂದವಳು, ಇನ್ನೊಂದು ಸಲ ಹೊರುವ ವಯಸ್ಸಲ್ಲ ಅವಳದು. ಅಷ್ಟರಲ್ಲಿ ಲೆಕ್ಕದವರ ಹೆಂಡತಿ ಎರಡು ಕೈ ತುಂಬ ಬಟ್ಟೆ ಹೊತ್ತು ಗೇಟು ದಾಟಿದಳು. ಅವಳ ಹಿಂದೆ ಇಡೀ ಬೀದಿ.

ಆ ಬಟ್ಟೆಗಳ ಅವಸ್ಥೆ ಹೇಳಬಾರದು. ಎದೆ ಮಾತ್ರ ಮದುಮಗನ ಹಾಗೆ, ಬೆನ್ನು ಅವನ ಅಜ್ಜನ ಹಾಗೆ. ಪ್ಯಾಂಟುಗಳು ಟ್ರಂಕಿನ ತಳದಲ್ಲಿ ಮಡಿಕೆ ಬಿದ್ದು ರಟ್ಟಾಗಿದ್ದವು. ಹಾಕಿ ನೋಡಿದವರಿಗೆ ಸೊಂಟದ ಗುಂಡಿ ಸೇರಲಿಲ್ಲ. ಲೆಕ್ಕದವರು ಉಸಿರು ಬಿಗಿಹಿಡಿದು ಸೇರಿಸಿದರು, ಮಾತಾಡಲು ಬಾಯಿ ತೆರೆದೊಡನೆ ಗುಂಡಿ ಹಾರಿ ಬೆಕ್ಕಿನ ಹತ್ತಿರ ಬಿತ್ತು.

ಎಲ್ಲರೂ ಕಂತೆ ಇಳಿಸಿ ಹೋದ ಮೇಲೆ ನಾನು ಅವಳ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ. ಅರ್ಧ ತಮಾಷೆ, ಅರ್ಧ ನಿಜ. "ಹೀಗೇ ಹಾಕ್ಕೊಂಡು ಹೋಗ್ಲಿ ಬಿಡೆ. ಇವರ ಅವತಾರ ನೋಡಿ ಆ ದೊಡ್ಡೋರೇ ಕೈಮುಗಿದು ಮನೆಗೆ ಕಳಿಸ್ತಾರೆ. ಹೊಟ್ಟೆನೋವು ಅಂತ ಮಲಕ್ಕೋ."

ಅವಳು ಪೆಟ್ಟಿಗೆಯ ಪ್ಲಗ್ಗು ಸಿಕ್ಕಿಸುತ್ತಲೇ ಉತ್ತರ ಕೊಟ್ಟಳು. "ಎದೆಮಟ್ಟ ಅಂತ ಹೇಳಿ ತಗೊಂಡಾಗ ಎದೆಮಟ್ಟ ಮಾಡ್ದೆ ಅಮ್ಮ. ಇವತ್ತು ಪೂರ್ತಿ ಅಂದಿದ್ದಾರೆ. ನೀವು ನೀರು ಚಿಮುಕಿಸ್ತೀರಾ, ಇಲ್ಲಾ ನಿಂತು ನೋಡ್ತೀರಾ?"

ನೀರು ಚಿಮುಕಿಸಿದೆ. ಎಷ್ಟೋ ವರ್ಷದ ಮೇಲೆ ಅವಳ ಪೆಟ್ಟಿಗೆ ಬೀದಿಯವರ ಬೆನ್ನಿನ ಮೇಲೆ ಓಡಿತು. ಹಬೆಯೆದ್ದು ಶೆಡ್ಡೆಲ್ಲ ಒದ್ದೆ ಬಟ್ಟೆಯ ವಾಸನೆ. ಒಂದು ಕಾಲ ಮೇಲಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತ, ಗುನುಗಿಕೊಳ್ಳುತ್ತ ಮಾಡುತ್ತಿದ್ದಳು. ಅವಳನ್ನು ಅಷ್ಟು ಖುಷಿಯಾಗಿ ನಾನು ನೋಡಿರಲಿಲ್ಲ, ಅದೂ ತನ್ನ ಅನ್ನಕ್ಕೇ ಕಲ್ಲು ಬೀಳುವ ಕೆಲಸದಲ್ಲಿ.

ಬೆನ್ನು ಮುಗಿಸಿ ಅಂಗಿ ಮಗುಚಿದಾಗ ಗುನುಗು ನಿಂತಿತು. ನಾಲ್ಕನೇ ಗುಂಡಿಯ ಕೆಳಗೆ ಎದೆಗೆ ಅಡ್ಡಲಾಗಿ ಒಂದು ಗೆರೆ. ಅದರ ಮೇಲೆ ಬಟ್ಟೆ ಕಾದು ಕಾದು ಹೊಳಪಾಗಿದೆ, ಕೆಳಗೆ ಮಂಕಾಗಿದೆ. ಪ್ರತಿ ಸಲವೂ ಪೆಟ್ಟಿಗೆ ಅಲ್ಲೇ ನಿಂತು ತಿರುಗಿದ್ದರಿಂದ ಬಿದ್ದ ಗುರುತು. ಕಂಪ್ಯೂಟರಿನಲ್ಲಿ ಕಾಣುವ ಜಾಗಕ್ಕಿಂತ ಕೆಳಗಿದ್ದುದರಿಂದ ಇಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಒದ್ದೆ ಬಟ್ಟೆ ಹಾಸಿ ಒತ್ತಿದಳು, ಹುಳಿನೀರು ಸವರಿ ಒತ್ತಿದಳು. ಸುಕ್ಕು ಹೋಯಿತು, ಗೆರೆ ಹೋಗಲಿಲ್ಲ. ಇನ್ನೊಂದು ಅಂಗಿ ತೆಗೆದಳು, ಅದರಲ್ಲೂ ಅದೇ ಜಾಗದಲ್ಲಿ ಅದೇ ಗೆರೆ. ಒಂದೇ ಕೈ ಮಾಡಿದ್ದಲ್ಲವೇ, ಬೀದಿಯವರೆಲ್ಲರ ಎದೆಯ ಮೇಲೂ ಒಂದೇ ಅಳತೆಗೆ ಕೂತಿತ್ತು. ಅವಳು ಮೇಜಿಗೆ ಒರಗಿ ನಿಂತು, ಅತ್ತೆ ಇದ್ದಿದ್ದರೆ ಗೆಣ್ಣು ಮುರಿಯುತ್ತಿದ್ದಳು ಅಂದಳು. ಕಣ್ಣು ತುಂಬಿತ್ತು. ಬೇರೆ ದಾರಿ ಇರಲಿಲ್ಲ. ಕತ್ತಲಾಗುವ ಮೊದಲು ಎಲ್ಲ ಬಟ್ಟೆಯೂ ಗೆರೆ ಸಮೇತ ಮನೆ ಸೇರಿತು.

ಮರುದಿನ ಬಸ್‌ಸ್ಟಾಪಿನಲ್ಲಿ ನಮ್ಮ ಬೀದಿಯವರು ಸಾಲಾಗಿ ನಿಂತಿದ್ದರೆ ಹೊಸ ಪೆನ್ಸಿಲುಗಳನ್ನು ಡಬ್ಬಿಯಲ್ಲಿ ನಿಲ್ಲಿಸಿದ ಹಾಗಿತ್ತು. ಬಸ್ಸು ಹೋದ ಮೇಲೆ ಬೀದಿ ಮೊದಲಿನಂತೆ ಬಿಕೋ ಎಂದಿತು. ಊಟದ ಗಾಡಿಯವನು ಬಂದು ಹಾರ್ನು ಹೊಡೆದು ಹೊಡೆದು ಹೊರಟುಹೋದ. ಮೆಟ್ಟಿಲಮ್ಮ ತಣ್ಣಗಿನ ಪೆಟ್ಟಿಗೆಯ ಮೇಲೆ ಕೈಯಿಟ್ಟು ಕೂತೇ ಇದ್ದಳು. ತಿನ್ನಲು ಕರೆದೆ, ಬರಲಿಲ್ಲ.

ಸಂಜೆ ಬಸ್ಸಿಳಿದು ಬಂದವರನ್ನು ಕಂಡು ನಾನು ಹೆದರಿದೆ. ಎಲ್ಲರೂ ಕುಂಟುತ್ತಿದ್ದರು. ಬೆನ್ನುಗಳೆಲ್ಲ ಬೆಳ್ಳಗೆ. ಅಳಿಯ ನೇರ ಶೆಡ್ಡಿಗೆ ಬಂದು ಹಳೇ ಟೈರಿನ ಮೇಲೆ ಕುಸಿದು ಕೂತ, ನಗಲು ಶುರುಮಾಡಿದ. ಏನಾಯ್ತು ಹೇಳಿ ಎಂದು ಮೆಟ್ಟಿಲಮ್ಮ ಗದರಿಸಬೇಕಾಯಿತು.

"ಕೂರೋಕೆ ಕುರ್ಚಿನೇ ಇಲ್ಲ" ಅಂದ.

ಆಫೀಸಿಗೆ ಹೊಸ ಬಣ್ಣ ಹೊಡೆಸಿದ್ದರಂತೆ, ಊಟ ಮಾಡಿಸಿದ್ದರಂತೆ, ಯಂತ್ರ ಉಜ್ಜಿ ಇಟ್ಟಿದ್ದರಂತೆ. ವರ್ಷಗಳ ಹಿಂದೆ ಕುರ್ಚಿಗಳೆಲ್ಲ ಅವರವರ ಮನೆಗೆ ಹೋದದ್ದು ಹೊಸಬರಲ್ಲಿ ಒಬ್ಬರಿಗೂ ಗೊತ್ತಿಲ್ಲ. ಹಳಬರಲ್ಲಿ ಒಬ್ಬರಿಗೂ ನೆನಪಿಗೆ ಬಂದಿಲ್ಲ. ಬೆಳಗಿನಿಂದ ಸಂಜೆವರೆಗೆ ಎಲ್ಲರೂ ನಿಂತೇ ಇದ್ದರು. ಎಲ್ಲರೂ ನಿಂತಿರುವಾಗ ತಾವೊಬ್ಬರೇ ಕೂರಲಾಗದೆ ದೊಡ್ಡವರೂ ನಿಂತರು. ಕಾಲು ಸೋತವರು ಗೋಡೆಗೆ ಒರಗಿದರು, ಗೋಡೆಯ ಬಣ್ಣ ಇನ್ನೂ ಹಸಿ.

ನಿಂತವರ ಅಂಗಿಯೆಲ್ಲ ಮೇಲಿಂದ ಕೆಳಗಿನವರೆಗೆ ಕಾಣುತ್ತಿತ್ತಲ್ಲ, ದೊಡ್ಡವರು ನಮ್ಮ ಬೀದಿಯವರ ಎದೆಯನ್ನು ಒಬ್ಬೊಬ್ಬರದಾಗಿ ನೋಡಿ, ಈ ಗೆರೆ ಏನು, ಯಾವುದಾದರೂ ಸಂಘದ ಗುರುತೇ ಎಂದು ಕೇಳಿದರಂತೆ. ಎಲ್ಲರೂ ನೆಲ ನೋಡಿದರು. ಬಾಯಿಬಿಟ್ಟವರು ಲೆಕ್ಕದವರೇ. "ಅದು ಗಡಿ ಸಾರ್. ಮೇಲಿಂದು ಕಂಪನಿದು, ಕೆಳಗಿಂದು ಮನೇದು" ಅಂದರಂತೆ. ದೊಡ್ಡವರಿಗೆ ನಗು ಬಂತೋ ಸಿಟ್ಟು ಬಂತೋ ಅಳಿಯನಿಗೆ ತಿಳಿಯಲಿಲ್ಲ. ಕೋಟಿನ ಗುಂಡಿ ಮಾತ್ರ ಹಾಕಿಕೊಂಡರಂತೆ.

ಮಧ್ಯಾಹ್ನದ ಮೇಲೆ ಲೆಕ್ಕದವರನ್ನೇ ಕರೆದು, ಎಲ್ಲರಿಗೂ ಹೊಸ ಕುರ್ಚಿ, ಮೇಜು, ಬಿಟ್ಟುಕೊಟ್ಟ ಮಹಡಿಗಳನ್ನು ಮತ್ತೆ ಬಾಡಿಗೆಗೆ ಹಿಡಿಯುವುದು, ಎಲ್ಲಕ್ಕೂ ಎಷ್ಟಾಗುತ್ತದೆ ಎಂದು ಕೇಳಿದರು. ಲೆಕ್ಕದವರು ಗೋಡೆಗೆ ಕಾಗದ ಹಿಡಿದು ನಿಂತುಕೊಂಡೇ ಬರೆದು ಕೊಟ್ಟರು. ದೊಡ್ಡವರು ಅದನ್ನು ಓದಿ, ಇಡೀ ದಿನದಲ್ಲಿ ಮೊದಲ ಸಲ ಮೆಟ್ಟಿಲ ಮೇಲೆ ಹೋಗಿ ಕೂತರಂತೆ. ಆಮೇಲೆ ಬಂದದ್ದು ತೀರ್ಮಾನ. ಅರ್ಧ ಜನಕ್ಕೆ ಆಗುವಷ್ಟು ಕುರ್ಚಿ ತರಿಸುವುದು, ಸರದಿಯ ಮೇಲೆ ವಾರಕ್ಕೆ ಎರಡು ದಿನ ಬರುವುದು, ಉಳಿದ ದಿನ ಮನೆಯಲ್ಲೇ.

ಮೆಟ್ಟಿಲಮ್ಮ ಮೊದಲು ಕೇಳಿದ್ದು ಯಂತ್ರದ ಮಾತು. ಅಳಿಯ ಮತ್ತೆ ನಕ್ಕ. ಅದಕ್ಕೆ ಕೊಡಬೇಕಾದರೆ ಅಂಗಿ ಬಿಚ್ಚಿ ಕೊಡಬೇಕು, ಬಿಚ್ಚಿ ಕೊಟ್ಟು ಆಫೀಸಿನಲ್ಲಿ ಏನು ತೊಟ್ಟು ಕೂರುವುದು, ಆಫೀಸಿಗೆ ಹೋಗುವವನು ಮನೆಯಿಂದಲೇ ಇಸ್ತ್ರಿ ತೊಟ್ಟು ಹೋಗಬೇಕಲ್ಲ ಅಂದ. ಅವಳು ಎದ್ದು ಅವನನ್ನು ತಿರುಗಿಸಿ ನಿಲ್ಲಿಸಿ ಅಂಗಿಯ ಹಿಂಭಾಗ ನೋಡಿದಳು.

"ಅಲ್ಲ, ನಿನ್ನೆಯಿಡೀ ನಿಂತು ಮಾಡಿದ ಬೆನ್ನಿಗೆ ಗೋಡೆ ಬಳ್ಕೊಂಡು ಬಂದಿದ್ದೀರಲ್ಲ" ಎಂದು ಬೈದಳು. ಬೈಯುತ್ತಲೇ ನನ್ನ ಕಡೆ ತಿರುಗಿ, ಅಮ್ಮ, ತಿನ್ನೋಕೆ ಏನೋ ಇದೆ ಅಂದಿದ್ರಲ್ಲ ಅಂದಳು.

ಅಲ್ಲಿಂದ ಅವಳ ಮೇಜಿನ ಮೇಲೆ ಎರಡು ರಾಶಿ. ಹೋಗುವ ದಿನದ್ದು ಬಲಗಡೆ, ಅದು ಪೂರ್ತಿ. ಮನೆಯ ದಿನದ್ದು ಎಡಗಡೆ, ಎದೆಮಟ್ಟದ್ದು. ಎಡಗಡೆಯದು ಹೊಟ್ಟೆಗೆ, ಬಲಗಡೆಯದು ಅತ್ತೆಗೆ ಅನ್ನುವಳು. ಗೆರೆ ಮಾತ್ರ ನಮ್ಮ ಬೀದಿಯ ಗುರುತಾಗಿ ಉಳಿದುಬಿಟ್ಟಿತು. ಮೂಲೆಯ ಮನೆಗೆ ಹೊಸದಾಗಿ ಬಂದ ಬಾಡಿಗೆಯವನೊಬ್ಬ, ಎಲ್ಲರ ಅಂಗಿಗೂ ಇರುವ ಗೆರೆ ನನ್ನ ಅಂಗಿಗೆ ಯಾಕೆ ಹಾಕಿಲ್ಲ ಎಂದು ಜಗಳಕ್ಕೇ ಬಂದಿದ್ದ. ಅದು ಬಾಡಿಗೆ ಕಟ್ಟಿದ ಮೇಲೆ ನಿಧಾನಕ್ಕೆ ಬರುತ್ತೆ ಎಂದು ಸಮಾಧಾನ ಹೇಳಿ ಕಳಿಸಿದಳು.

ಕೆಲಸ ಹೆಚ್ಚಿದ್ದಕ್ಕೆ ಅವಳು ತನ್ನ ಅಕ್ಕನನ್ನು ಕರೆಸಿಕೊಂಡಳು. ಹಿಂದಿನ ಬೀದಿಯಲ್ಲಿ ಇಬ್ಬರೂ ಒಂದು ಕೋಣೆ ಮಾಡಿಕೊಂಡರು. ಅಕ್ಕನದು ಅವಸರದ ಕೈ. ಎದೆಮಟ್ಟದ ರಾಶಿ ಅವಳಿಗೆ ಎತ್ತಿಟ್ಟ ಕೆಲಸ, ಚಕಚಕ ಮುಗಿಸಿ ಕಾಫಿ ಅಂಗಡಿಗೆ ಹೋಗಿ ಕೂರುವಳು. ಪೂರ್ತಿ ಅಂಗಿ ಕೊಟ್ಟರೂ ಕೈ ಅಭ್ಯಾಸಬಲದಿಂದ ನಾಲ್ಕನೇ ಗುಂಡಿಯಲ್ಲೇ ನಿಲ್ಲುತ್ತಿತ್ತು. ಯಾರು ನೋಡ್ತಾರೆ ಬಿಡೇ ಎಂಬುದು ಅವಳ ಮಾತು. ಅಕ್ಕತಂಗಿಯರ ಜಗಳ ಕೇಳಲು ಅಳಿಯ ಮೀಟಿಂಗಿನ ಸದ್ದು ಕಡಿಮೆ ಮಾಡಿಕೊಳ್ಳುತ್ತಿದ್ದ.

ಅವನು ತನಗೊಂದು ಹೊಸ ಕುರ್ಚಿ ಕೊಂಡಾಗ ಹಳೆಯದನ್ನು ಶೆಡ್ಡಿಗೆ ತಳ್ಳಿಕೊಂಡು ಹೋದ. ಮೆಟ್ಟಿಲಮ್ಮನ ಮೊಣಕಾಲು ಅಷ್ಟರಲ್ಲಿ ನಿಲ್ಲಲು ಒಪ್ಪುತ್ತಿರಲಿಲ್ಲ. ಅವಳು ಅದರ ಮೇಲೆ ಕೂತು, ಕಾಲಿನಿಂದ ನೆಲ ಒದ್ದು, ಮೇಜಿನ ಈ ತುದಿಯಿಂದ ಆ ತುದಿಗೆ ಉರುಳುತ್ತ ಇಸ್ತ್ರಿ ಮಾಡುವುದನ್ನು ನೋಡಲು ಮಕ್ಕಳು ಗೇಟಿನಲ್ಲಿ ನಿಲ್ಲುತ್ತಿದ್ದವು. ಕೊನೆಗೂ ನನಗೂ ಕುರ್ಚಿ ಬಂತು, ಆಫೀಸಿನೋಳಾದೆ ಎಂದು ಗಾಳಿಯಲ್ಲಿ ಕಾಲಾಡಿಸುವಳು.

ಅದೇ ಕುರ್ಚಿಯಲ್ಲಿ ಕೂತಾಗಲೇ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡಿತು. ಮಗಳು ಆಸ್ಪತ್ರೆಗೆ ಸೇರಿಸಿ, ಪಕ್ಕದಲ್ಲೇ ಇದ್ದು ನೋಡಿಕೊಂಡಳು. ಗುಣವಾಗುವ ಕಾಯಿಲೆಯಲ್ಲ ಎಂದ ಮೇಲೆ ಅವಳು ತನ್ನ ಕೋಣೆಗೇ ಹೋಗುತ್ತೇನೆಂದು ಹಟ ಹಿಡಿದು ಬಂದಳು. ನಾನು ದಿನಾ ಹೋಗಿ ಬರುತ್ತಿದ್ದೆ. ಬೀದಿಯ ಸುದ್ದಿ ಹೇಳಿದರೆ ಮಲಗಿದಲ್ಲೇ ನಗುವಳು. ಲೆಕ್ಕದವರಿಗೆ ಹೊಸ ಪೈಜಾಮ ಬಂದಿದೆ, ಈ ಸಲ ಮೀನಿನ ಚಿತ್ರ ಎಂದರೆ, ಆ ಕಾಲಿಗೆ ಅದು ಒಪ್ಪುತ್ತೆ ಬಿಡಿ ಅಂದಳು.

ಆ ಮಧ್ಯಾಹ್ನ ಅವಳ ಅಕ್ಕ ಒಲೆಯ ಹತ್ತಿರ ಗಂಜಿ ಕಾಯಿಸುತ್ತಿದ್ದಳು. ಕಿಟಕಿಯ ಬಿಸಿಲು ಹೊದಿಕೆಯ ಮೇಲೆ ಬಿದ್ದಿತ್ತು. ಮೆಟ್ಟಿಲಮ್ಮ ಕಣ್ಣಲ್ಲೇ ಹತ್ತಿರ ಕರೆದು ಮಂಚದ ಕೆಳಗಿನ ಟ್ರಂಕು ತೋರಿಸಿದಳು. ತೆರೆದೆ. ಮೇಲೆಯೇ ಅವಳ ಒಳ್ಳೆಯ ಬಟ್ಟೆ ಇತ್ತು, ಆಕಾಶದ ಬಣ್ಣದ್ದು, ಎಲ್ಲಿಗಾದರೂ ಹೋಗುವುದಿದ್ದರೆ ಬೇಕು ಎಂದು ಎತ್ತಿಟ್ಟು ಎಲ್ಲಿಗೂ ತೊಡದೇ ಉಳಿಸಿದ್ದು. ಮಡಿಕೆಗಳಲ್ಲಿ ಸುಕ್ಕು ಕೂತಿತ್ತು. ಯಾವ ದಿನಕ್ಕೆ ಎಂದು ನೋಡಿದೊಡನೆ ತಿಳಿಯಿತು. ನನ್ನ ಮಣಿಕಟ್ಟು ಹಿಡಿದು, ಒಲೆಯ ಕಡೆ ಒಂದು ಸಲ ನೋಡಿ, ದನಿ ತಗ್ಗಿಸಿದಳು.

"ಅಮ್ಮ, ಇದನ್ನ ನಮ್ಮಕ್ಕನ ಕೈಗೆ ಕೊಡ್ಬೇಡಿ. ಮಲಗಿರೋಳ ಬೆನ್ನು ಯಾರು ನೋಡ್ತಾರೆ ಅಂತ ಎದೆಮಟ್ಟಕ್ಕೇ ನಿಲ್ಲಿಸ್ಬಿಡ್ತಾಳೆ. ನೀವೇ ನಿಂತು ಪೂರ್ತಿ ಮಾಡಿ. ಬೆನ್ನು ಮೊದಲು."